ಅವ್ವನ ದಮ್ಮು, ಟಾಪಿಲ್ಲದ ಕಾರು

ಆ ಕಾಲದ ನಾಸಿಕ್‌ನಲ್ಲಿ ಟಾಪು ಇಳಿಸಿ ಕಾರು ಓಡಿಸುವವರು ಎಷ್ಟು ಮಂದಿ ಇದ್ದಾರು? ಇದ್ದಷ್ಟು ಮಂದಿಯನ್ನೂ ನಾನು ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಣಕಿಸಿ ತೋರಿಸಿದ್ದೆ. ದ್ರಾಕ್ಷಿ ತೋಟದ ಸಾಹುಕಾರರು ಹೆದ್ದಾರಿಯ ಧೂಳಿನಲ್ಲಿ ಟಾಪು ಏರಿಸಿಕೊಂಡೇ ಬಂದು, ಪೇಟೆ ಹತ್ತಿರವಾದ ಕೂಡಲೇ ನಿಲ್ಲಿಸಿ ಇಳಿಸುತ್ತಿದ್ದರು. ಗಾಳಿಗೆಂದಲ್ಲ, ನಾಲ್ಕು ಜನ ನೋಡಲಿ ಎಂದು. ಮೊಣಕೈ ಬಾಗಿಲ ಮೇಲೆ, ಗದ್ದ ಆಕಾಶಕ್ಕೆ. ಇನ್ನು ಕೆಲವರು ಮದುವೆ ಮೆರವಣಿಗೆಗೆ ಕಾರು ಕೊಟ್ಟು ತಾವೇ ಓಡಿಸುವವರು. ಮದುಮಗ ಸೀಟಿನ ಬೆನ್ನ ಮೇಲೇರಿ ಕೂತಿರುತ್ತಾನೆ, ಬ್ಯಾಂಡಿನವರು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ರೇಡಿಯೇಟರು ಕುದಿಯುತ್ತದೆ, ಮಾಲೀಕನ ಮುಖ ಹೆಣ್ಣಿನ ಅಪ್ಪನ ಮುಖಕ್ಕಿಂತ ಬಾಡಿರುತ್ತದೆ. ಇಬ್ಬರನ್ನೂ ಮಾಡಿ ಮುಗಿಸಿದ ಮೇಲೆ, ಇಬ್ಬರ ಧೂಳನ್ನೂ ತಿನ್ನುತ್ತ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಕಡ್ಡಿ ಕಾಲಿನ ನನ್ನನ್ನೇ ಮಾಡುತ್ತಿದ್ದೆ. ಅದಕ್ಕೇ ಹೆಚ್ಚು ಚಪ್ಪಾಳೆ.

ಮೂರನೆಯ ಬಗೆಯ ಮಾಲೀಕರು ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನಾನು ಹುಡುಗು ಟೆಕ್ನಿಶಿಯನ್ನು, ಅವರು ನನ್ನ ಮೇಲಿನ ಇನ್ಸ್‌ಪೆಕ್ಟರು. ಧಾರವಾಡದ ಕಡೆಯವರು. ಅಣ್ಣಾರ ಎನ್ನುತ್ತಿದ್ದೆ. ಅವರ ತಾಯಿ ನಮ್ಮ ಓಣಿಗೆಲ್ಲ ಅವ್ವ. ಅವ್ವನಿಗೆ ದಮ್ಮು. ಬಸ್ಸಿನ ಡೀಸೆಲ್ ವಾಸನೆಗೇ ಎದೆ ಕಟ್ಟುತ್ತಿತ್ತು. ಮುಚ್ಚಿದ ಕಾರಿನಲ್ಲಿ ಕೂರಿಸಿದರೆ ಊರು ದಾಟುವ ಮೊದಲೇ ಗಾಜು ಬಡಿಯುತ್ತಿದ್ದಳು. ಮುಖಕ್ಕೆ ಗಾಳಿ ಹೊಡೆಯುತ್ತಿದ್ದರೆ ಮಾತ್ರ ಉಸಿರು ಸಲೀಸು. ಅದಕ್ಕೆಂದೇ ಅಣ್ಣಾರು ಕ್ಯಾನ್ವಾಸ್ ಟಾಪಿನ ಆ ಹಳೆಯ ಕಾರನ್ನು ಕೊಂಡಿದ್ದರು.

ಚೈತ್ರದ ಬಿಸಿಲು ಏರುತ್ತಿದ್ದಾಗ ಔರಂಗಾಬಾದಿನಲ್ಲಿದ್ದ ಅವರ ತಂಗಿಗೆ ಹೆರಿಗೆಯಾಯಿತು. ಈಗದು ಛತ್ರಪತಿ ಸಂಭಾಜಿನಗರ. ತೊಟ್ಟಿಲಿಗೆ ಹಾಕುವ ದಿನಕ್ಕೆ ತಾನು ಹೋಗಲೇಬೇಕೆಂದು ಅವ್ವ ಹಟ ಹಿಡಿದಳು.

"ಅಷ್ಟ ದೂರ ತಡಕೋತೀ ಏನಬೇ?" ಎಂದು ಅಣ್ಣಾರು ಕೇಳಿದರು.

"ಗಾಳಿ ಇದ್ರ ತಡಕೋತೀನಿ. ಆ ಮಂಗ್ಯಾನೂ ಕರಕೋ, ದಾರಿ ಸವೀತೈತಿ." ಮಂಗ್ಯಾ ಎಂದರೆ ನಾನು.

ಒಂದೇ ತೊಡಕು. ಕಾರು ವೇಗ ಹಿಡಿದರೆ ಹಿಂದೆ ಮಡಚಿಟ್ಟ ಟಾಪು ಗಾಳಿ ತುಂಬಿ ಏಳುತ್ತಿತ್ತು. ಬೇರೆಯವರಾಗಿದ್ದರೆ ಹಗ್ಗ ಕಟ್ಟುತ್ತಿದ್ದರು. ನಮ್ಮವರು ಇನ್ಸ್‌ಪೆಕ್ಟರು! ವಿಮಾನದ ನಟ್ಟುಗಳು ಅದುರಿ ಸಡಿಲಾಗದಿರಲಿ ಎಂದು ನಾವು ಎರಡೆಳೆ ತಂತಿ ಹೊಸೆದು ಬಿಗಿಯುತ್ತೇವೆ. ಕತ್ತರಿಸದೆ ಅದು ಬಿಚ್ಚದು. ಹಿಂದಿನ ದಿನ ಊಟದ ಬಿಡುವಿನಲ್ಲಿ ಅಣ್ಣಾರು ಟಾಪಿನ ಕಂಬಿಗಳನ್ನು ಹಾಗೆಯೇ ಕಾರಿನ ಮೈಗೆ ಬಿಗಿದರು. ತುದಿಗಳನ್ನು ಒಳಗೆ ಮಡಚಿ, ಬೆರಳಾಡಿಸಿ ಪಾಸು ಮಾಡಿದರು. ಇಕ್ಕಳವನ್ನು ಸ್ಟೋರಿಗೆ ಮರಳಿಸಿದರು. ಉಪಕರಣ ಒಪ್ಪಿಸದೆ ನಮ್ಮಲ್ಲಿ ಯಾರೂ ಮನೆಗೆ ಹೋಗುವಂತಿರಲಿಲ್ಲ. ಒಂದು ಇಕ್ಕಳ ವಿಮಾನದ ಹೊಟ್ಟೆಯಲ್ಲಿ ಉಳಿದರೆ ಏನು ಗತಿ?

"ಅಣ್ಣಾರ, ಇದು ಹಾರೂದಿಲ್ರೀ," ಎಂದೆ.

"ಸಡಲ ಬಿಟ್ರ ಹಾರತೈತಿ," ಎಂದರು, ನಗದೆ.

ಮರುದಿನ ಹೊರಟು, ದಾರಿಯಲ್ಲಿ ಯೇವಲಾದಲ್ಲಿ ಚಹಾಕ್ಕೆ ನಿಂತೆವು. ಅವ್ವನ ಮುಖ ಗಾಳಿಗೆ ಅರಳಿತ್ತು. ಚಹಾದವನು ಮೂಡಣದ ಕಡೆ ಕೈ ಮಾಡಿ, "ಸಾಹೇಬ, ಗಾರಾ ಪಡ್ಣಾರ್, ಟಪ್ ಲಾವಾ," ಎಂದ. ಆಲಿಕಲ್ಲು ಬೀಳುತ್ತದೆ, ಟಾಪು ಹಾಕಿ ಎಂದು. ಅವನ ಬೊಚ್ಚು ಬಾಯಿಯನ್ನು ನಾನು ಆಗಲೇ ಅಣಕಿಸಲು ಶುರು ಮಾಡಿದ್ದೆ.

"ನಗಸಬ್ಯಾಡೋ, ಕೆಮ್ಮ ಬರತೈತಿ," ಎಂದು ಅವ್ವ ನನ್ನ ತೊಡೆಗೆ ಹೊಡೆದಳು.

ಅಣ್ಣಾರು ಮೋಡ ನೋಡಿದರು, ತಂತಿ ನೋಡಿದರು. "ನಡೀರಿ, ಅದಕಿಂತ ಮೊದಲ ದಾಟಿಬಿಡೂಣು," ಎಂದರು.

ದಾಟಲಾಗಲಿಲ್ಲ. ವೈಜಾಪುರ ಇನ್ನೂ ದೂರವಿತ್ತು. ಎರಡೂ ಕಡೆ ಬಟಾಬಯಲು. ಬೆಳಕು ಇದ್ದಕ್ಕಿದ್ದಂತೆ ಹಿತ್ತಾಳೆಯ ಬಣ್ಣಕ್ಕೆ ತಿರುಗಿತು. ಬಾನೆಟ್ಟಿನ ಮೇಲೆ ಟಣ್ ಎಂದು ಒಂದು ಬಿತ್ತು. ನಾನು ನಕ್ಕೆ. ಎರಡನೆಯದು ನನ್ನ ಹುಬ್ಬಿಗೇ ಬಿತ್ತು. ಆಮೇಲೆ ಆಕಾಶ ಬುಟ್ಟಿ ಬುಟ್ಟಿಯಾಗಿ ಸುರಿಯತೊಡಗಿತು.

ಅಣ್ಣಾರು ಕಾರು ನಿಲ್ಲಿಸಿ ಹಿಂದಕ್ಕೆ ಹಾರಿ ತಂತಿಗೆ ಕೈ ಹಾಕಿದರು. ಉಗುರು ಹಾಕಿದರು, ಬೀಗದ ಕೈ ತೂರಿಸಿದರು. ಬೆರಳು ಸೀಳಿ ರಕ್ತ ಬಂತು, ತಂತಿ ಕದಲಲಿಲ್ಲ. ಅಷ್ಟು ಚೆಂದದ ಕೆಲಸ! ನಾನು ಸೀಟಿಗೆ ಹಾಸಿದ್ದ ಕಂಬಳಿ ಎಳೆದು ಅವ್ವನ ತಲೆ ಮೇಲೆ ಹೊದಿಸಿದೆ. ಒಳಗಿನಿಂದ ಎರಡೂ ಕೈ ಬಡಿದು ಅವಳು ಅದನ್ನು ಕಿತ್ತೆಸೆದಳು. ತುಟಿ ನೀಲಿಯಾಗಿತ್ತು. ಎದೆ ಕೊಳಲಿನಂತೆ ಸಿಳ್ಳೆ ಹಾಕುತ್ತಿತ್ತು. ಮುಚ್ಚಿದರೆ ಉಸಿರಿಲ್ಲ, ತೆರೆದರೆ ತಲೆ ಉಳಿಯದು.

"ಸೀಟ್ ಎತ್ತೋ! ಸೀಟ್!" ಎಂದು ಅಣ್ಣಾರು ಕೂಗಿದರು.

ಅವ್ವನನ್ನು ಕಾಲಿಡುವ ಜಾಗಕ್ಕೆ ಇಳಿಸಿ, ಹಿಂದಿನ ಸೀಟಿನ ಮೆತ್ತೆ ಕಿತ್ತೆವು. ಒಂದು ತುದಿ ಅವರ ತಲೆ ಮೇಲೆ, ಇನ್ನೊಂದು ನನ್ನ ತಲೆ ಮೇಲೆ. ಕೆಳಗೆ ಅವ್ವ, ನಾಲ್ಕೂ ಕಡೆ ಗಾಳಿಗೆ ತೆರವು. ಕಲ್ಲುಗಳು ನಮ್ಮ ಬೆರಳ ಗೆಣ್ಣುಗಳನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದವು. ಸಿಡಿಲಿಗೆ ಕಾರಿನ ತಗಡು ನಡುಗುತ್ತಿತ್ತು.

"ಏನಾರ ಅನ್ನೋ... ಮಂಗ್ಯಾ," ಎಂದಳು ಅವ್ವ, ಸಿಳ್ಳೆಯ ನಡುವೆ.

ಊರಿನವರೆಲ್ಲರ ದನಿ ತೆಗೆಯುತ್ತಿದ್ದ ನನಗೆ ನನ್ನ ದನಿಯೇ ಸಿಗಲಿಲ್ಲ. ಬಾಯಿ ತೆರೆದರೆ ಹಲ್ಲು ಕಟಕಟ ಎನ್ನುತ್ತಿತ್ತು. ಆಗಲೇ ಸಿಳ್ಳೆ ನಿಂತುಹೋಯಿತು.

"ಅವ್ವಾ!" ಎಂದರು ಅಣ್ಣಾರು. "ಅವ್ವಾ, ಮಾತಾಡಬೇ!"

ಬಗ್ಗಿ ನೋಡಿದರೆ ಮೆತ್ತೆ ಬೀಳುತ್ತದೆ. ಸತ್ತಳೋ ಇದ್ದಾಳೋ ತಿಳಿಯದೆ ನಾವಿಬ್ಬರೂ ತಲೆ ಮೇಲೆ ಮೆತ್ತೆ ಹೊತ್ತು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಅಣ್ಣಾರ ಕಣ್ಣಲ್ಲಿ ಅಂಥ ಹೆದರಿಕೆಯನ್ನು ನಾನು ಕಂಡಿರಲಿಲ್ಲ. ಅದನ್ನು ಮಾಡಿ ತೋರಿಸಲು ನನ್ನಿಂದ ಇವತ್ತಿಗೂ ಆಗದು. ಎಷ್ಟು ಹೊತ್ತೋ. ನನ್ನ ಮೀನಖಂಡವನ್ನು ತಣ್ಣಗಿನ ಬೆರಳುಗಳು ಹಿಡಿದವು. ಹಿಡಿದು, ಚಿವುಟಿದವು. "ಅದಾರ್ರೀ, ಅಣ್ಣಾರ, ಅದಾರ!" ಎಂದು ಚೀರಿದೆ.

ಆಲಿಕಲ್ಲು ನಿಂತಾಗ ಕಾರಿನೊಳಗೆ ಪಾದ ಮುಳುಗುವಷ್ಟು ಬಿಳಿ ಹರಳು. ಅಣ್ಣಾರು ಡಿಕ್ಕಿಯಲ್ಲಿ ಟ್ರಂಕುಗಳ ಕೆಳಗಿದ್ದ ಜಾಕಿಯ ಹಿಡಿಕೆ ತೆಗೆದು, ಮೀಟಿ ಮೀಟಿ ತಂತಿ ಹರಿದರು. ಟಾಪು ಏರಿಸಿದರು. ಅದರ ನೆರಳು ಮುಖಕ್ಕೆ ಬಿದ್ದದ್ದೇ ಅವ್ವ ಕಣ್ಣು ಅಗಲಿಸಿ ಬಾಗಿಲು ಬಡಿದಳು.

"ತಗಿ ಅದನ್ನ. ತಗೀ ಅಂದ್ನಿ!"

"ಮತ್ತ ಬಂದ್ರಬೇ? ಮ್ಯಾಲ ನೋಡು, ಇನ್ನೂ ಕರ್ರಗ ಐತಿ."

"ಕಲ್ಲ ಬಿದ್ರ ತಲಿ ಒಡೀತೈತಿ. ಇದರಾಗ ನಾ ಈಗ ಸಾಯ್ತೀನಿ."

ಅಣ್ಣಾರು ಟಾಪು ಇಳಿಸಿದರು. ಈ ಸಲ ತಂತಿಯಿಲ್ಲ. ಹಿಂದಕ್ಕೆ ಕೈ ಚಾಚಿ ನಾನೇ ಹಿಡಿದು ಕೂತೆ. ಔರಂಗಾಬಾದಿನವರೆಗೂ ನನ್ನ ಕಣ್ಣು ಮೋಡದ ಮೇಲೆ, ಅವ್ವನ ಬಾಯಿಯ ಮೇಲೆ. ಒದ್ದೆ ಸೀರೆಯಲ್ಲೇ ಅವಳು ನನ್ನ ಹೆಗಲಿಗೊರಗಿ ಕಣ್ಣು ಮುಚ್ಚಿದಳು. ಇಂಜಿನ್ನಿನ ಸದ್ದಿನಲ್ಲಿ ಸಿಳ್ಳೆ ಕೇಳಿಸುತ್ತಿರಲಿಲ್ಲ. ಅವಳ ಮೂಗಿನ ಹತ್ತಿರ ಇನ್ನೊಂದು ಅಂಗೈ ಹಿಡಿದೆ. ತೆರೆದ ಕಾರು, ನುಗ್ಗಿ ಬರುವ ಗಾಳಿ. ಅದರಲ್ಲಿ ಅವ್ವನ ಉಸಿರು ಯಾವುದು, ರಸ್ತೆಯ ಗಾಳಿ ಯಾವುದು ಹೇಗೆ ಗೊತ್ತಾಗಬೇಕು?

"ಇನ್ನೂ ಹೋಗಿಲ್ಲೋ," ಎಂದಳು ಅವ್ವ, ಕಣ್ಣು ತೆರೆಯದೆ. "ಕೈ ತಗಿ."

ತೆಗೆದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹಿಡಿದೆ. ಅವಳು ಬೈಯಲಿಲ್ಲ. ಬೈಯಲಿ ಎಂದು ಕಾಯುತ್ತ ಕೂತೆ.