ಹೋತಕ್ಕೆ ಕಟ್ಟಿದ ಗೋಣಿ

ಹೋಳೂರಿನ ನಮ್ಮ ಪಕ್ಕದ ಮನೆಯ ಅಜ್ಜಿಗೆ ನಾಟಿ ಮೇಕೆ ಬಿಟ್ಟರೆ ಬೇರೆ ತಳಿಯ ಮೇಲೆ ನಂಬಿಕೆಯಿರಲಿಲ್ಲ. ನಾವು ಹೊರದೇಶದ ತಳಿಯ ಬೋಯರ್ ಹೋತ ತಂದ ದಿನ ಬೇಲಿಯಾಚೆಯಿಂದಲೇ ಕಣ್ಣು ಕಿರಿದು ಮಾಡಿ ನೋಡಿದರು.

"ಇಷ್ಟು ದಪ್ಪಗಿರೋದು ಬಿಸಿಲಲ್ಲಿ ಗುಡ್ಡ ಸುತ್ತುತ್ತೇನಮ್ಮಾ? ನಂಬಕ್ಕಾಗಲ್ಲ."

ತಮ್ಮ ಮೇಕೆಗಳ ಮೇಲೆ ಹಾರದಿರಲೆಂದು ಅದರ ಹೊಟ್ಟೆಯಡಿಗೆ ತಾವೇ ಗೋಣಿಚೀಲ ಕಟ್ಟಿದರು. ದಿನಾ ಬೆಳಿಗ್ಗೆ ಬಂದು ಗಂಟು ಎಳೆದು ನೋಡುತ್ತಿದ್ದರು.

ಆದರೂ ಅವರ ಮೇಕೆ ಹಾಕಿದ ಮರಿಗೆ ಕೆಂಪು ತಲೆ, ಬಿಳಿ ಮೈ, ಜೋಲು ಕಿವಿ. ನಮ್ಮ ಹೋತದ್ದೇ ಅಚ್ಚು. ಬೈಸಿಕೊಳ್ಳಲು ಸಿದ್ಧಳಾಗಿಯೇ ನಾನು ಹೋದೆ. ಅಜ್ಜಿ ಬೈಯಲಿಲ್ಲ. ಮರಿಯನ್ನು ಮಡಿಲಿಗೆಳೆದುಕೊಂಡು ಅದರ ಕಿವಿಗಳ ಮೇಲೆ ಸೆರಗು ಮುಚ್ಚಿದರು.

"ಯಾಕಜ್ಜಿ?"

"ನಿಮ್ಮನ್ನ ನಂಬಕ್ಕಾಗಲ್ಲ ಕಣಮ್ಮಾ. ನಮ್ದೂ ಅಂತ ಎತ್ಕೊಂಡು ಹೋಗ್ಬಿಟ್ರೆ?"