ಬಿಸಿ ಮಾಲು ತೂಗುವುದಿಲ್ಲ

ಮೇಡಂ ಅವರ ಬಲಗೈ ಉಗುರುಗಳ ಸಂದಿಯಲ್ಲಿ ಸದಾ ಹಸಿರು ಕೂತಿರುತ್ತಿತ್ತು. ಎಷ್ಟು ಉಜ್ಜಿದರೂ ಹೋಗದ ತಾಮ್ರದ ಹಸಿರು. ಆ ಉಗುರುಗಳು, ಸುಟ್ಟು ಮತ್ತೆ ಸರಿಯಾಗಿ ಬೆಳೆಯದ ಒಂದು ಹುಬ್ಬು, ಜೊತೆಗೆ ಪ್ರಿನ್ಸಿಪಾಲರ ಕುರ್ಚಿ. ಒಂದು ಸಣ್ಣ ಸೀಸೆ ಮೆಥನಾಲಿಗೆ ಅವರು ತೆತ್ತದ್ದು ಇಷ್ಟು. ಅವರು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಕುರ್ಚಿ ಬೇಕಾದರೆ ಹಿಂದಿನ ಸ್ಟೋರ್ ರೂಮಿನಲ್ಲಿ ಮೆಥನಾಲ್ ಮಾಡುವ ಆಟ ನಿಲ್ಲಿಸಿ ಎಂದಿತ್ತು ಆಡಳಿತ ಮಂಡಳಿ. ಅವರು ಕುರ್ಚಿ ಬಿಟ್ಟರು. ಯಾಕೆ ಎಂದರೆ, "ಇದನ್ನ ಇಲ್ಲಿ ಮಾಡಕ್ಕೆ ಆಗಲ್ಲ ಅಂದ್ರಲ್ಲ, ಅದಕ್ಕೆ" ಎನ್ನುತ್ತಿದ್ದರು. ವ್ಯಾಪಾರದಲ್ಲೇ ಬೆಳೆದ ನನಗೆ ಆ ಲೆಕ್ಕ ಬಹಳ ದಿನ ತಲೆಗೆ ಹತ್ತಲಿಲ್ಲ.

ನನ್ನದು ಸಾಗರದಲ್ಲಿ ಗುಜರಿ ಅಂಗಡಿ. ಅದಕ್ಕೂ ಮೊದಲು ಹಳೇ ಮೋಟರು, ಪಂಪ್‌ಸೆಟ್ಟುಗಳ ದಲ್ಲಾಳಿಯಾಗಿದ್ದೆ. ಕಬ್ಬಿಣ ಕೇಳುವವರನ್ನು ಕಂಡಿದ್ದೆ, ಹಿತ್ತಾಳೆ ಕೇಳುವವರನ್ನು ಕಂಡಿದ್ದೆ. ತುಕ್ಕು ಕೇಳಿಕೊಂಡು ಬಂದವರು ಈ ಮೇಡಂ ಒಬ್ಬರೇ. ಲೇತ್ ಮಷೀನಿನಿಂದ ಬಿದ್ದ ಕಬ್ಬಿಣದ ಸುರುಳಿ, ಚೆನ್ನಾಗಿ ತುಕ್ಕು ಹಿಡಿದದ್ದು, ಒಂದು ಚೀಲ ಬೇಕು ಎಂದರು. ನಾನು ಮುಖ ಗಂಭೀರ ಮಾಡಿಕೊಂಡು ರೇಟು ಹೇಳಿದೆ.

"ಎಂತ ಸಾವ್ಕಾರ್ರೆ, ಮಳೆ ಪುಕ್ಕಟೆ ಮಾಡಿಕೊಟ್ಟಿದ್ದಕ್ಕೂ ದುಡ್ಡಾ?"

ರೇಟು ಇಳಿಸಿದೆ. ಹೊಸನಗರದ ಮೇಲೆ ಹೋಗುವ ಬಸ್ಸಿನ ಟಾಪಿಗೆ ಚೀಲ ಏರಿಸಿದರೆ, ಅವರು ಕೆಳಗೆ ಕಂಡಕ್ಟರನ ಹತ್ತಿರ ಲಗೇಜಿನ ಚೌಕಾಶಿ ಶುರು ಮಾಡಿದ್ದರು. ಅಂಥವರನ್ನು ಕಂಡರೆ ನನಗೆ ಗೌರವ ತಾನಾಗಿ ಬರುತ್ತದೆ.

ಮುಂದೆ ಸಾಮಾನು ಕೊಡಲು ನಾನೇ ತೀರ್ಥಹಳ್ಳಿಗೆ ಹೋಗತೊಡಗಿದೆ. ಹಾಸ್ಟೆಲಿನ ಗೋಬರ್ ಗ್ಯಾಸಿನಲ್ಲಿ ಉರಿಯುವ ಭಾಗದ ಜೊತೆ ಉರಿಯದ ಕಾರ್ಬನ್ ಡೈ ಆಕ್ಸೈಡೂ ಇರುತ್ತದೆ. ಅದಕ್ಕೆ ಹೈಡ್ರೋಜನ್ ಸೇರಿಸಿ, ಒತ್ತಡ ಕೊಟ್ಟು, ಕಾಯಿಸಿದ ಉಕ್ಕಿನ ಕೊಳವೆಯಲ್ಲಿ ಹಾಯಿಸಿ ಮೆಥನಾಲ್ ಎಂಬ ಇಂಧನ ತೆಗೆಯಬೇಕು, ಇದು ಅವರ ಹಟ. ಗ್ಯಾಸಿನ ಗಂಧಕವನ್ನು ಹಿಡಿದುಕೊಳ್ಳುವುದಕ್ಕೆ ನನ್ನ ತುಕ್ಕು. ಕೊಳವೆಯೊಳಗೆ ತಾಮ್ರ, ಸತುವಿನ ಕಪ್ಪು ಗುಳಿಗೆಗಳು. ಪುಸ್ತಕದಲ್ಲಿ ಅದಕ್ಕೆ ವೇಗವರ್ಧಕ ಎಂಬ ಹೆಸರು. ಹಾಲಿಗೆ ಹೆಪ್ಪು ಹಾಕಿದ ಹಾಗೋ ಎಂದು ಕೇಳಿದೆ.

"ಹೆಪ್ಪು ಮೊಸರಲ್ಲೇ ಸೇರಿ ಹೋಗ್ತದೆ. ಇದು ದಲ್ಲಾಳಿ. ನಿಮ್ಮ ಜಾತಿಯದ್ದೇ. ಕೊಡೋರನ್ನೂ ತಗಳೋರನ್ನೂ ಹತ್ರ ಕೂರ್ಸಿ ವ್ಯಾಪಾರ ಕುದುರ್ಸಿ, ಬಂದ ಹಂಗೇ ಎದ್ದು ಹೋಗ್ತದೆ. ಒಂದೇ ವ್ಯತ್ಯಾಸ, ಇದು ಕಮಿಷನ್ ತಗಳಲ್ಲ."

ಆದರೆ ಮೊದಲ ದಲ್ಲಾಳಿ ಕೈಕೊಟ್ಟ. ನಮ್ಮ ಕಡೆ ತಾಮ್ರದ ಉಪ್ಪು ಎಂದರೆ ಮೈಲುತುತ್ತ, ತೋಟಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಆ ನೀಲಿ ಹರಳು. ಯಾರ ಮನೆಯ ಅಟ್ಟದಲ್ಲಿ ನೋಡಿದರೂ ಅದರ ಉಳಿಕೆ ಇದ್ದೇ ಇರುತ್ತದೆ. ವಿದ್ಯಾರ್ಥಿನಿಯರು ಡಬ್ಬಿ ಡಬ್ಬಿ ತಂದುಕೊಟ್ಟರು. ಮೇಡಮ್ಮೂ ಅದರಿಂದಲೇ ಗುಳಿಗೆ ಮಾಡಿದರು. ಕೊಳವೆಯ ತುದಿಯಲ್ಲಿ ಒಂದು ಹನಿಯೂ ಬರಲಿಲ್ಲ. ಮೈಲುತುತ್ತದಲ್ಲಿ ತಾಮ್ರದ ಜೊತೆ ಗಂಧಕವೂ ಇದೆ. ಗ್ಯಾಸಿನ ಗಂಧಕವನ್ನು ತುಕ್ಕಿನಲ್ಲಿ ಸೋಸಿ, ಗುಳಿಗೆಯಲ್ಲಿ ಅದನ್ನೇ ಒಳಗಿಟ್ಟು ಬೀಗ ಹಾಕಿದಂತಾಗಿತ್ತು. ಎಷ್ಟು ತೊಳೆದರೂ ಪೂರ್ತಿ ಬಿಡಲಿಲ್ಲ. ಗಂಧಕ ಎಂದರೆ ದಲ್ಲಾಳಿಯ ಕೈ ಹಿಡಿದುಕೊಂಡು ಬಿಡದೇ ಇರುವ ಗಿರಾಕಿ, ಬೇರೆ ವ್ಯಾಪಾರಕ್ಕೆ ಏಳಲಿಕ್ಕೇ ಬಿಡುವುದಿಲ್ಲ ಎಂದು ಅವರೇ ವಿವರಿಸಿದರು. ಸ್ಟಾಫ್ ರೂಮಿನಲ್ಲಿ ಅವರಿಗೆ 'ಮೈಲುತುತ್ತ ಮೇಡಂ' ಎಂಬ ಹೆಸರು ಬಿತ್ತು. ಕೇಳಿಸಿದರೆ ತಿರುಗಿ "ಹಾಂ, ಹೇಳಿ" ಎನ್ನುತ್ತಿದ್ದರು.

ಆಮೇಲೆ ನನ್ನಲ್ಲಿದ್ದ ಸುಟ್ಟ ಮೋಟರುಗಳ ತಾಮ್ರದ ತಂತಿ ಒಯ್ದು, ನೈಟ್ರಿಕ್ ಆಸಿಡ್ಡಿನಲ್ಲಿ ಕರಗಿಸಿ, ಗಂಧಕದ ಸೋಂಕಿಲ್ಲದ ಹೊಸ ಗುಳಿಗೆ ಮಾಡಿದರು. ಅದನ್ನು ತುಂಬಿ ಕೊಳವೆ ಕಾಯಲು ಇಟ್ಟ ಮರುದಿನವೇ ಆಡಳಿತ ಮಂಡಳಿಯ ಕಾರ್ಯದರ್ಶಿ ನನಗೆ ಫೋನ್ ಮಾಡಿದರು. ರೂಮು ಖಾಲಿ ಮಾಡಿಸಬೇಕು, ಒಳಗಿನದೆಲ್ಲ ಗುಜರಿಗೆ, ತಕ್ಕಡಿ ತನ್ನಿ ಎಂದು.

ಹೋದೆ. ಮೇಡಂ ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಯಾವುದೋ ಸನ್ಮಾನ ಮುಗಿಸಿ ಬಂದಿದ್ದ ಕಾರ್ಯದರ್ಶಿಗಳ ಹೆಗಲ ಮೇಲೆ ಹೊಸ ಶಾಲು ಇತ್ತು.

"ಆಫ್ ಮಾಡಿ ಮೇಡಂ, ಇವ್ರು ತಗಂಡು ಹೋಗ್ತಾರೆ."

"ನಾ ಮಾಡಲ್ಲ. ಒಳಗೆ ಹೈಡ್ರೋಜನ್ ಒತ್ತಡದಲ್ಲಿದೆ. ನೀವೇ ಬಂದು ಮಾಡಿ, ದಾರಿ ಬಿಡ್ತೀನಿ."

ಕಾರ್ಯದರ್ಶಿಗಳು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಮುಖ ನೋಡಿದರು. ಮೇಡಮ್ಮೂ ನೋಡಿದರು. ಅವರು ಸಹಾಯ ಕೇಳುವ ಪೈಕಿಯಲ್ಲ.

"ಬಿಸಿ ಮಾಲು ತೂಗೋ ಪದ್ಧತಿ ನಮ್ಮಲ್ಲಿಲ್ಲ ಸಾರ್" ಎಂದೆ. "ತಣ್ಣಗಾದ್ಮೇಲೆ ಹೇಳಿ ಕಳ್ಸಿ, ಬರ್ತೀನಿ."

ಆ ಪದ್ಧತಿ ಹುಟ್ಟಿದ್ದು ಆ ಗಳಿಗೆಯಲ್ಲಿ, ನನ್ನ ಬಾಯಲ್ಲಿ. ಮೇಡಂ ಅದನ್ನು ತಣ್ಣಗಾಗಲು ಬಿಡಲೇ ಇಲ್ಲ. ಕ್ಲಾಸಿಗೆ ಹೋದಾಗ ಇಬ್ಬರು ವಿದ್ಯಾರ್ಥಿನಿಯರನ್ನು ಕಾವಲಿಗೆ ಕೂರಿಸುತ್ತಿದ್ದರು. ವಾರ ಕಳೆಯುವುದರೊಳಗೆ ನನಗೂ ಕಾರ್ಯದರ್ಶಿಗಳಿಗೂ ಬರಹೇಳಿದರು. ಕೊಳವೆಯಿಂದ ನೀರಿನ ಜೊತೆ ಇಳಿದದ್ದನ್ನು ಬಟ್ಟಿ ಇಳಿಸಿ ಸೀಸೆಗೆ ತುಂಬಿಟ್ಟಿದ್ದರು. ವರಾಂಡದ ಬಿಸಿಲಿನಲ್ಲಿ ಪಿಂಗಾಣಿ ಬಟ್ಟಲಿಗೆ ಸ್ವಲ್ಪ ಸುರಿದು ಕಡ್ಡಿ ಗೀರಿದರು. ಏನೂ ಕಾಣಲಿಲ್ಲ. ಹತ್ತಿರ ಬರಬೇಡಿ, ಬಿಸಿಲಲ್ಲಿ ಇದರ ಉರಿ ಕಾಣುವುದಿಲ್ಲ ಎಂದು ಅವರು ಹೇಳುತ್ತಿದ್ದ ಹಾಗೇ, ಇದು ಬರೀ ನೀರು ಎನ್ನುತ್ತಾ ಕಾರ್ಯದರ್ಶಿಗಳು ಬಗ್ಗಿದರು. ಹೆಗಲ ಮೇಲಿದ್ದ ಅದೇ ಶಾಲಿನ ಅಂಚು ಚುರ್ರೆಂದಿತು.

ಮೇಡಂ ಅವಸರವಿಲ್ಲದೆ ಚೊಂಬಿನ ನೀರು ಎರಚಿದರು. "ಈಗ ಕಂಡ್ತಾ ಸಾರ್?"

ರೂಮಿನ ಮಾತು ಮೇಡಂ ನಿವೃತ್ತರಾಗುವವರೆಗೆ ಯಾರೂ ಎತ್ತಲಿಲ್ಲ. ಈ ಮೆಥನಾಲ್ ಪೆಟ್ರೋಲಿಗಿಂತ ದುಬಾರಿ, ಮಾರಲು ಆಗುವುದಿಲ್ಲ ಎಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಹಾಗಾದರೆ ಗೆದ್ದದ್ದೇನು ಎಂದು ನಾನು ಕೆಣಕಿದ್ದೆ. "ದುಬಾರಿ ಅನ್ನೋದು ಬೇರೆ, ಆಗಲ್ಲ ಅನ್ನೋದು ಬೇರೆ. ವ್ಯಾಪಾರಸ್ಥರು ನೀವು, ಇಷ್ಟು ಗೊತ್ತಾಗಲ್ವಾ?" ಎಂದರು. ಗೊತ್ತಾಯಿತು. ಅಂದಿನಿಂದ ಯಾರೇ 'ಆಗಲ್ಲ' ಎಂದರೂ ರೇಟು ಕೇಳುವುದನ್ನು ಕಲಿತಿದ್ದೇನೆ.

ಹೋದ ವರ್ಷ ಮೇಡಂ ತೀರಿಕೊಂಡರು. ಅಂದು ಕಾವಲು ಕೂರುತ್ತಿದ್ದವರಲ್ಲಿ ಒಬ್ಬಳು ಈಗ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಕೊಳವೆಯನ್ನೂ ಕಾಯಿಸುತ್ತಾಳೆ. ಈಗಿನ ಕಾರ್ಯದರ್ಶಿಗಳು ಬೇರೆ. ಆಗೀಗ ಅವರೂ ಫೋನ್ ಮಾಡಿ ರೂಮು ಖಾಲಿ ಮಾಡಿಸುವ ಮಾತು ತೆಗೆಯುತ್ತಾರೆ. ಪ್ರತಿ ಸಲವೂ ನನ್ನದು ಒಂದೇ ಉತ್ತರ: ಕಬ್ಬಿಣದ ರೇಟು ಬಿದ್ದಿದೆ ಸಾರ್, ಈಗ ಕೊಟ್ಟರೆ ಕಾಲೇಜಿಗೇ ನಷ್ಟ, ಸ್ವಲ್ಪ ಕಾಯಿರಿ. ನಾನಿರುವ ತನಕ ಆ ರೇಟು ಏಳುವುದಿಲ್ಲ.

ನೀವೂ ಇಂಥ ಕೆಲಸಕ್ಕೆ ಇಳಿಯುವವರಾದರೆ ಒಂದು ಮಾತು ಕೇಳಿ. ಸಾಮಾನು ನನ್ನಂಥವರ ಹತ್ತಿರ ಸಿಗುತ್ತದೆ. ನಗುವವರು ಕರೆಯದೆಯೇ ಬರುತ್ತಾರೆ. ಜಾಗ ಮಾತ್ರ ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ. ರೂಮಿನ ಬೀಗದ ಕೈ ಯಾರು ಕೇಳಿದರೂ ಕೊಡಬೇಡಿ.