ತಮ್ಮನ ಜೀವಕ್ಕೆ ಗಾದ್ರಮ್ಮ ತೆತ್ತದ್ದು

ಹೊನ್ನಾಳಿಯಲ್ಲಿ ಗಾದ್ರಮ್ಮನನ್ನು ಭತ್ತದ ನಾಟಿಗೆ ಕರೆಯುತ್ತಿದ್ದವರಿಗೆ ಅವಳ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಜಗಳೂರು ಸೀಮೆಯವಳು, ತಮ್ಮ ಜೈಲಿನಲ್ಲಿದ್ದಾನೆ. ತಮ್ಮನ ಮಾತನ್ನು ಅವಳ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೇ ಕೇಳಿದ್ದರೂ ಅವಳು ಹೇಳುತ್ತಿದ್ದಳೇನೋ. ಮುಚ್ಚಿಟ್ಟುಕೊಳ್ಳುವ ಕಾಲ ಅವಳ ಪಾಲಿಗೆ ಎಂದೋ ಮುಗಿದುಹೋಗಿತ್ತು.

ಅವಳು ಬಿಳಿಚೋಡಿನ ಕುರಿಗಾರರ ಮನೆಯ ಸೊಸೆ. ಗಂಡ ಬೋರಣ್ಣ, ಭಾವ ಓಬಣ್ಣ, ಅತ್ತೆ ಭೀಮಕ್ಕ. ಓಬಣ್ಣನ ಹೆಂಡತಿ ಬಾಣಂತನದಲ್ಲೇ ಕೂಸಿನ ಸಮೇತ ತೀರಿಹೋಗಿದ್ದರಿಂದ ಮನೆಯಲ್ಲಿ ಗೇಯುವ ಹೆಣ್ಣು ಗಾದ್ರಮ್ಮ ಒಬ್ಬಳೇ. ಅವಳಿಗೆ ಹನುಮಂತಮ್ಮ ಎಂಬ ಒಂದು ಹೆಣ್ಣು ಮಗು. ಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ತವರಿನವರು ಚನ್ನಗಿರಿ ಕಡೆಯ ಕತ್ತಲಗೆರೆಗೆ ಗದ್ದೆ ಕೂಲಿಗೆಂದು ಹೋದವರು ಅಲ್ಲೇ ಉಳಿದಿದ್ದರು. ತವರೆಂದರೆ ತಾಯಿ ಮತ್ತು ತಮ್ಮ ಪಾಲಣ್ಣ, ಅಷ್ಟೇ.

ಎಪ್ಪತ್ಮೂರರ ಬೇಸಿಗೆಯಲ್ಲಿ ತಾಯಿ ತೀರಿಕೊಂಡಳು. ಪಾಲಣ್ಣ ಕಳಿಸಿದ ಸುದ್ದಿ ಓಬಣ್ಣನ ಕಿವಿಗೆ ಬಿತ್ತು. ಮನೆಯಲ್ಲಿ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಕೈಗೊಬ್ಬಳು ಕಡಿಮೆಯಾಗುತ್ತಾಳೆಂದು ಅವನು ಸುಮ್ಮನಿದ್ದುಬಿಟ್ಟ. ಬಾವಿಯ ಹತ್ತಿರ ಯಾರೋ ಹೆಂಗಸು, "ನಿಮ್ಮವ್ವನ ಮಣ್ಣಿಗೂ ನೀನು ಹೋಗಲಿಲ್ವಂತಲ್ಲ" ಎಂದಾಗಲೇ ಗಾದ್ರಮ್ಮನಿಗೆ ಗೊತ್ತಾದದ್ದು. ಕೊಡವನ್ನು ಅಲ್ಲೇ ಇಟ್ಟು, ಮಗುವನ್ನು ಕಂಕುಳಿಗೆ ಹಾಕಿಕೊಂಡು, ಯಾರನ್ನೂ ಕೇಳದೆ ಬಸ್ಸು ಹತ್ತಿದಳು.

ತಾಯಿಯನ್ನು ಮಣ್ಣು ಮಾಡಿದ ಗುದ್ದಿನ ಮೇಲೆ ಅತ್ತು, ತಮ್ಮನಿಗೆ ಎರಡು ದಿನ ಅಡಿಗೆ ಮಾಡಿಟ್ಟು ಹಿಂದಿರುಗಿದಳು. ಕೇಳದೆ ಹೋದದ್ದಕ್ಕೆ ಬೋರಣ್ಣ, ಓಬಣ್ಣ ಇಬ್ಬರೂ ಸೇರಿ ಕುರಿ ಕಾಯುವ ಕೋಲಿನಿಂದ ಹೊಡೆದರು. ಎಡಗೈ ಮಣಿಕಟ್ಟು ಮುರಿಯಿತು. ಮುರಿದ ಕೈಯಲ್ಲೇ ಅವಳನ್ನು ಕುರಿ ಕೂಡುವ ರೊಪ್ಪದ ಮೂಲೆಯ ಗುಡಿಸಲಿಗೆ ನೂಕಿ ಚಿಲಕ ಹಾಕಿದರು. ಭೀಮಕ್ಕ ದಿನಕ್ಕೊಮ್ಮೆ ಮುದ್ದೆ ಕೊಟ್ಟು ಮತ್ತೆ ಚಿಲಕ ಹಾಕಿ ಹೋಗುತ್ತಿದ್ದಳು.

ತಾಯಿಯ ಸೀರೆ ಅಕ್ಕನಿಗೆ ಸೇರಬೇಕೆಂದು ಪಾಲಣ್ಣ ಅದನ್ನು ತೆಗೆದುಕೊಂಡು ಬಂದ. ಮನೆಯಲ್ಲಿ ಅಕ್ಕ ಕಾಣದೆ ರೊಪ್ಪದ ಗುಡಿಸಲಿನ ಚಿಲಕ ತೆಗೆದವನು, ಜ್ವರದಲ್ಲಿ ನಡುಗುತ್ತಾ ಕುರಿ ಹಿಕ್ಕೆಯ ಮೇಲೆ ಮಲಗಿದ್ದ ಅವಳನ್ನು ಕಂಡ. ಮುರಿದ ಕೈ ನೋಡಿ ಹೊರಗೆ ಬಂದ. ಹಗಲೂಟ ಮುಗಿಸಿ ಬೋರಣ್ಣ, ಓಬಣ್ಣ ಜಗಲಿಯ ಮೇಲೆ ನಿದ್ದೆಹೋಗಿದ್ದರು. ಸೌದೆಯ ಹತ್ತಿರ ಕೊಡಲಿ ಬಿದ್ದಿತ್ತು. ಇಬ್ಬರನ್ನೂ ಕಡಿದ ಮೇಲೆ ಪಾಲಣ್ಣ ಅಂಗಳದಲ್ಲೇ ಕೂತ. ಪೊಲೀಸರು ಬರುವವರೆಗೆ ಅಲ್ಲಿಂದ ಏಳಲಿಲ್ಲ.

ಚಿತ್ರದುರ್ಗದಲ್ಲಿ ವಿಚಾರಣೆಯಾಯಿತು. ಪಾಲಣ್ಣ ಕುರಿ ಹೊಡೆದುಕೊಂಡು ಹೋಗಲು ಬಂದಿದ್ದ, ಅಡ್ಡ ಬಂದಾರೆಂದು ಮಲಗಿದ್ದವರನ್ನೇ ಕಡಿದ ಎಂದು ಭೀಮಕ್ಕ ಹೇಳಿಕೆ ಕೊಟ್ಟಿದ್ದಳು. ಸರ್ಕಾರದ ಖರ್ಚಿನಲ್ಲಿ ಅವನ ಪರ ನಿಂತವರು ಜಗಳೂರಿನ ವಕೀಲ ತಿಪ್ಪೇರುದ್ರಸ್ವಾಮಿ. ಅವರು ಹೇಗೋ ನಿಜ ಸಂಗತಿ ತಿಳಿದುಕೊಂಡಿದ್ದರು. ಆದರೆ ಪಾಲಣ್ಣ, "ಅಕ್ಕನ ವಿಷಯ ಕೋರ್ಟಿನಾಗೆ ಎತ್ತಬ್ಯಾಡ್ರಿ" ಎಂದುಬಿಟ್ಟಿದ್ದ. ಅವರು ಆ ಮಾತು ಮೀರಿ ಎತ್ತಿದರು.

ಗಾದ್ರಮ್ಮ ಸಾಕ್ಷಿಕಟ್ಟೆ ಹತ್ತುವ ಮುಂಚೆ ಕೋರ್ಟಿನ ಜಗಲಿಯಲ್ಲಿ ಭೀಮಕ್ಕ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

"ನನ್ನ ಮಕ್ಕಳು ಹೊಡೆದ್ರು ಅಂತ ಒಳಗೆ ಒಂದು ಮಾತು ಅಂದ್ಯೋ, ಈ ಕೂಸಿನ ಮುಖ ನೋಡಾಕೆ ಬಿಡಲ್ಲ" ಎಂದಳು.

ಒಳಗೆ ವಕೀಲರು ಕೇಳಿದರು: "ನಿನ್ನ ಗಂಡ, ಭಾವ ಸೇರಿ ನಿನ್ನ ಕೈ ಮುರಿದದ್ದು ಹೌದೇನಮ್ಮ?"

"ಇಲ್ರಿ. ಬಾವಿ ಕಟ್ಟೆ ಮ್ಯಾಲೆ ಜಾರಿ ಬಿದ್ದಿದ್ದೆ."

ಪಾಲಣ್ಣ ಒಮ್ಮೆ ತಲೆಯೆತ್ತಿ ಅವಳನ್ನು ನೋಡಿದ. ಕುರಿಯ ಆಸೆಗೆ ನಿದ್ದೆಯಲ್ಲಿದ್ದ ಇಬ್ಬರನ್ನು ಕೊಂದವನೆಂದು ಅವನಿಗೆ ಗಲ್ಲು ಶಿಕ್ಷೆಯಾಯಿತು. ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ದಿಲ್ಲಿಯ ಕೋರ್ಟಿನಲ್ಲಿ ಮೇಲ್ಮನವಿ ನಿಲ್ಲಲಿಲ್ಲ. ಅವನನ್ನು ಬೆಳಗಾವಿಯ ಜೈಲಿಗೆ ಒಯ್ದರು.

ಅದು ತಿಳಿದ ದಿನ ಗಾದ್ರಮ್ಮ ಜಗಳೂರಿಗೆ ಹೋಗಿ ವಕೀಲರ ಮನೆಯ ಮುಂದೆ ನಿಂತಳು.

"ನಾನು ಸುಳ್ಳು ಹೇಳಿದ್ದೆ ಸ್ವಾಮಿ. ಈಗ ನಿಜ ಹೇಳ್ತೀನಿ. ಬರಕಳ್ಳಿ."

ವಕೀಲರಿಗೆ ಸಿಟ್ಟು ಬಂತು. "ಆವತ್ತು ಇದೇ ಮಾತು ಹೇಳಿದ್ರೆ ಗಲ್ಲು ತಪ್ಪತಿತ್ತು. ಈಗ ಹೇಳಿದ್ರೆ ಸುಳ್ಳು ಸಾಕ್ಷಿ ಅಂತ ನಿನ್ನ ಮ್ಯಾಲೇ ಕೇಸ್ ಹಾಕ್ಬಹುದು, ಗೊತ್ತೈತಾ?"

"ಹಾಕ್ಲಿ."

ಅವರು ಬರೆದುಕೊಂಡರು. ರಾಜ್ಯಪಾಲರಿಗೆ ಹೋದ ಕ್ಷಮಾದಾನದ ಅರ್ಜಿಯಲ್ಲಿ ಮುರಿದ ಕೈ, ರೊಪ್ಪ, ಜ್ವರ ಎಲ್ಲ ಇತ್ತು. ಮೇಲಿನವರು ವಿಚಾರಿಸಲು ಬಿಳಿಚೋಡಿಗೆ ಪೊಲೀಸರನ್ನು ಕಳಿಸಿದರು. ಅವರು ಊರಿನ ನಡುಬೀದಿಯಲ್ಲಿ ನಿಂತು ಗಾದ್ರಮ್ಮನ ಹೇಳಿಕೆಯನ್ನು ಗಟ್ಟಿಯಾಗಿ ಓದಿ, "ಇದು ನಿಜವಾ?" ಎಂದು ಸುತ್ತ ನಿಂತವರನ್ನು ಕೇಳಿದರು. ಕೋಲಿನ ಸದ್ದು ಕೇಳಿದ್ದ ಅಕ್ಕಪಕ್ಕದ ಮನೆಯವರೂ ಗೊತ್ತಿಲ್ಲವೆಂದರು. ಅದುವರೆಗೂ ಮಗುವಿಗಾಗಿ ಅದೇ ಮನೆಯಲ್ಲಿದ್ದ ಸೊಸೆಯನ್ನು ಭೀಮಕ್ಕ ಅದೇ ಸಂಜೆ ಹೊರಗೆ ಹಾಕಿ, ಮಗುವನ್ನು ಒಳಗೆ ಇಟ್ಟುಕೊಂಡಳು. ಪಂಚಾಯ್ತಿ ಸೇರಿದವರು ಭೀಮಕ್ಕನ ಪರವಾಗಿಯೇ ಮಾತಾಡಿದರು. ಇಬ್ಬರು ಮಕ್ಕಳನ್ನು ಕಳೆದುಕೊಂಡ ಮುದುಕಿಗೆ ಆ ಕೂಸೂ ಇಲ್ಲದಿದ್ದರೆ ಹೇಗೆ ಎಂದರು. ಗಾದ್ರಮ್ಮ ಹೇಗಿರಬೇಕೆಂದು ಯಾರೂ ಕೇಳಲಿಲ್ಲ.

ಕೂಲಿ ಸಿಗುವ ಊರೆಂದು ಅವಳು ಹೊನ್ನಾಳಿಗೆ ಬಂದಳು. ಹೊಳೆಯ ದಂಡೆಯ ಕೇರಿಯಲ್ಲಿ ಒಂದು ಗುಡಿಸಲು ಹಾಕಿಕೊಂಡಳು. ನಾಟಿ, ಕಳೆ, ಕೊಯ್ಲು, ಅಡಿಕೆ ಸುಲಿಯುವುದು, ಏನು ಸಿಕ್ಕರೂ ಮಾಡಿದಳು. ಆಗಾಗ ಬಿಳಿಚೋಡಿಗೆ ಹೋಗಿ ಶಾಲೆಯ ಹತ್ತಿರ ನಿಂತು ಮಗಳನ್ನು ನೋಡಿ ಬರುತ್ತಿದ್ದಳು.

ರಾಜ್ಯಪಾಲರ ಕಡೆಯಿಂದ ಅರ್ಜಿ ತಿರಸ್ಕಾರವಾಯಿತು. ಗಾದ್ರಮ್ಮ ರೈಲು ಬದಲಿಸಿ, ದಾರಿಯುದ್ದಕ್ಕೂ ಜನರನ್ನು ಕೇಳುತ್ತಾ ಬೆಳಗಾವಿಗೆ ಹೋದಳು. ಜಾಲರಿಯ ಆಚೆ ಪಾಲಣ್ಣ ಬಂದು ನಿಂತ. ಮೈ ತುಂಬಿಕೊಂಡಿದ್ದ, ಮುಖ ಮಾತ್ರ ಬೇರೆ ಯಾರದೋ ಹಾಗಿತ್ತು.

"ರಾಷ್ಟ್ರಪತಿಗೆ ಬರೆಸ್ತಾ ಇದೀನಿ ಕಣಪ್ಪ" ಎಂದಳು.

"ಯಾಕೆ?"

"ಯಾಕೆ ಅಂದ್ರೆ ಏನು ಹೇಳಲೋ?"

ಅವನು ಜಾಲರಿಗೆ ಬೆರಳು ಸಿಕ್ಕಿಸಿಕೊಂಡ. "ಕೋರ್ಟಿನಾಗೆ ನಿನ್ನ ವಿಷಯ ಬ್ಯಾಡ ಅಂದಿದ್ದು ನಾನೇ. ಆದ್ರೂ ಅಕ್ಕ, ವಕೀಲ್ರು ಕೇಳ್ದಾಗ ನೀನು ಹೇಳ್ತೀಯ ಅಂದ್ಕಂಡಿದ್ದೆ."

ಅವಳಿಗೆ ಹೇಳಬೇಕಾದದ್ದು ಬೇಕಾದಷ್ಟಿತ್ತು. ಕಾವಲಿನವನು ಹೊತ್ತಾಯಿತೆಂದು ಅವನನ್ನು ಕರೆದುಕೊಂಡು ಹೋದ.

ಸತ್ತವರ ತಾಯಿಯೇ ಗಲ್ಲು ಬೇಡವೆಂದು ಬರೆದುಕೊಟ್ಟರೆ ದಿಲ್ಲಿಯಲ್ಲಿ ಆ ಮಾತಿಗೆ ತೂಕ ಬರುತ್ತದೆ ಎಂದರು ತಿಪ್ಪೇರುದ್ರಸ್ವಾಮಿ. ಹೇಳುವಾಗ ಅವರಿಗೇ ನಂಬಿಕೆ ಇರಲಿಲ್ಲ. ಗಾದ್ರಮ್ಮ ಬಿಳಿಚೋಡಿನ ಬಸ್ಸು ಹತ್ತಿದಳು.

ಭೀಮಕ್ಕ ಅಂಗಳದಲ್ಲಿ ಉಣ್ಣೆ ಹಿಂಜುತ್ತಾ ಕೂತಿದ್ದಳು.

"ನಿನ್ನ ಕಾಲು ಹಿಡಿಯಾಕೆ ಬಂದೀನಿ ಅತ್ತೆ. ಗಲ್ಲಿಗೆ ಹಾಕಬ್ಯಾಡ್ರಿ ಅಂತ ನೀನೊಂದು ಹೆಬ್ಬೆಟ್ಟು ಒತ್ತಿದ್ರೆ ಮೇಲಿನೋರು ಕೇಳ್ತಾರಂತೆ."

ಭೀಮಕ್ಕನ ಕೈ ನಿಲ್ಲಲಿಲ್ಲ. "ನನ್ನ ಮಕ್ಕಳು ಉಂಡು ಮಲಗಿದ್ರು. ಎದ್ದು ಕೂರಾಕೂ ಬಿಡಲಿಲ್ಲ ಅವನು. ಅವರ ಜೀವಕ್ಕೆ ನಾನು ಯಾರಿಗೆ ಅರ್ಜಿ ಕೊಡ್ಲಿ, ಹೇಳು."

ಗಾದ್ರಮ್ಮ ಅವಳೆದುರು ನೆಲದ ಮೇಲೆ ಕೂತಳು.

"ಅವರು ನಿನಗೆ ಹೊಡೆದ್ರು. ಈ ಕಣ್ಣಾಗೆ ನೋಡೀನಿ, ಇಲ್ಲ ಅನ್ನಲ್ಲ. ನನಗೂ ಹೊಡೆದಿದ್ರು ನಿನ್ನ ಮಾವ. ಹೊಡೆದೋರ್ನೆಲ್ಲ ಕಡಿಯಾಕೆ ಹತ್ತಿದ್ರೆ ಈ ಊರಾಗೆ ಗಂಡಸ್ರು ಉಳೀತಾರೇನು?"

ಹಿಂಜಿದ ಉಣ್ಣೆಯಿಂದ ಬುಟ್ಟಿ ತುಂಬಿತು. ಕೊನೆಗೆ ಭೀಮಕ್ಕನೇ ಹೇಳಿದಳು: "ಒತ್ತೀನಿ. ಆದ್ರೆ ಹನುಮಂತಿ ನನ್ನೋಳು. ನಿಮ್ಮವ್ವ ಸತ್ತಳು ಅಂತ ಅವಳಿಗೆ ಹೇಳ್ತೀನಿ. ನೀನು ಮತ್ತೆ ಈ ಊರಿಗೆ ಕಾಲಿಡಬಾರದು. ಶಾಲೆ ತಾವ ನಿಂತು ನೋಡೋದೂ ಬ್ಯಾಡ. ನನ್ನವು ಎರಡು ಹೋಗ್ಯಾವೆ. ಒಂದನ್ನಾದ್ರೂ ಇಟ್ಕಂತೀನಿ."

"ನಾನು ಬದುಕಿದ್ದೂ ಸತ್ತೋಳಾಗಬೇಕಾ ಅತ್ತೆ?"

"ಅವನು ಬದುಕಬೇಕಂದ್ರೆ ಹೌದು."

ಮಗಳು ಬೆಳೆಯುತ್ತಾಳೆ, ಹೇಗಾದರೂ ಬದುಕುತ್ತಾಳೆ. ತಮ್ಮನ ಕೊರಳಿಗೆ ಹಗ್ಗ ಬಿದ್ದರೆ ಮುಗಿಯಿತು. ಅವಳು ಹಾಕಿದ ಲೆಕ್ಕ ಅಷ್ಟೇ. ತಪ್ಪೋ ಸರಿಯೋ ಯೋಚಿಸುವಷ್ಟು ಪುರುಸೊತ್ತು ಯಾರೂ ಅವಳಿಗೆ ಕೊಟ್ಟಿರಲಿಲ್ಲ.

"ಆತು" ಎಂದಳು. "ಈಗೊಂದು ಸಲ ನೋಡ್ಕಂಡು ಹೋಗ್ಲಾ?"

"ಕುರಿ ಹಿಂದೆ ಹೋಗ್ಯಾಳೆ. ಅವಳು ಬರೋದ್ರಾಗೆ ನೀನು ಹೊರಡು."

ಭೀಮಕ್ಕ ಮಾತಿಗೆ ತಪ್ಪಲಿಲ್ಲ. ವಕೀಲರ ಮುಂದೆ ಹೆಬ್ಬೆಟ್ಟು ಒತ್ತಿ, ಯಾರ ಮುಖವನ್ನೂ ನೋಡದೆ ಹೋದಳು. ಗಾದ್ರಮ್ಮನೂ ಮಾತಿಗೆ ತಪ್ಪಲಿಲ್ಲ.

ಅರ್ಜಿ ದಿಲ್ಲಿಯಲ್ಲಿ ವರ್ಷಗಟ್ಟಲೆ ಕೂತಿತ್ತು. ಎಪ್ಪತ್ತೊಂಬತ್ತರಲ್ಲಿ ಗಲ್ಲು ತಪ್ಪಿ ಜೀವಾವಧಿಯಾಯಿತೆಂದು ವಕೀಲರು ಹೇಳಿಕಳಿಸಿದರು. ಗಾದ್ರಮ್ಮ ಜಗಳೂರಿಗೆ ಹೋಗಿ ಅವರ ಕಾಲಿಗೆ ಬಿದ್ದಳು. ಎದ್ದವಳು ಕೇಳಿದಳು:

"ಅತ್ತೆ ಹೆಬ್ಬೆಟ್ಟಿನಿಂದ ಆತಾ ಸ್ವಾಮಿ?"

ತಿಪ್ಪೇರುದ್ರಸ್ವಾಮಿ ಒಳ್ಳೆಯ ಮನುಷ್ಯ, ಆದರೆ ಸಮಾಧಾನಕ್ಕಾಗಿ ಸುಳ್ಳು ಹೇಳಲು ಬಾರದವರು. "ಕಾರಣ ಬರೆದಿಲ್ಲಮ್ಮ, ಅವರು ಬರೆಯೋದೂ ಇಲ್ಲ. ಜೈಲಿನಾಗೆ ಅವನ ಜೊತೆಗಿದ್ದ ಇನ್ನೊಬ್ಬ ಗಲ್ಲಿನ ಕೈದಿಗೂ ಹಿಂಗೇ ಆಗೈತೆ. ಅವನಿಗೆ ಯಾರೂ ಹೆಬ್ಬೆಟ್ಟು ಒತ್ತಿರಲಿಲ್ಲ. ತಡ ಆತು ಅಂತಲೂ ಬಿಟ್ಟಿರಬಹುದು."

ಅವಳು ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಕೊಟ್ಟದ್ದು ಕೊಡಬೇಕಾದದ್ದೇ ಆಗಿತ್ತೋ ಇಲ್ಲವೋ ಎಂಬುದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವಳನ್ನು ತಿಂದದ್ದು ಅದೇ.

ಎಂಬತ್ತೆಂಟರಲ್ಲಿ ಪಾಲಣ್ಣ ಬಿಡುಗಡೆಯಾಗಿ ಹೊನ್ನಾಳಿಗೆ ಬಂದ. ತಲೆ ಬೆಳ್ಳಗಾಗಿತ್ತು. ಗುಡಿಸಲಿನೊಳಗೆ ಸುತ್ತ ನೋಡಿ, "ಹನುಮಂತಿ ಎಲ್ಲಿ?" ಎಂದ. ಗಾದ್ರಮ್ಮ ಅಂದೇ ಎಲ್ಲವನ್ನೂ ಹೇಳಿದಳು. ಅವನು ಉಣ್ಣುತ್ತಿದ್ದ ತಟ್ಟೆಯನ್ನು ದೂರ ಸರಿಸಿದ.

"ನನ್ನ ಒಂದು ಮಾತು ಕೇಳಬೇಕಿತ್ತು."

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಅಂತಿದ್ದೆ. ಅಲ್ಲಿ ದಿನಾ ಬೆಳಗಾದ್ರೆ ಇವತ್ತು ಗಲ್ಲಿಗೆ ಕರೀತಾರೆ ಅಂತ ಕೂತಿರ್ತಿದ್ದೆ. ಹಂಗೆ ಬದುಕಿ ಬಂದೀನಿ ಅಕ್ಕ. ಅದಕ್ಕೆ ಒಂದು ಕೂಸನ್ನ ಕೊಟ್ಟೆ ನೀನು."

ಕೆಲಸಕ್ಕೆಂದು ಅವನು ನ್ಯಾಮತಿಯ ಇಟ್ಟಿಗೆ ಭಟ್ಟಿ ಸೇರಿದ. ವಾರಕ್ಕೊಮ್ಮೆ ಬಂದು ಉಂಡು ಹೋಗುತ್ತಿದ್ದ. ಅಕ್ಕ ತಮ್ಮ ಒಬ್ಬರಿಗೊಬ್ಬರು ಕೆಟ್ಟ ಮಾತಾಡಿದ್ದನ್ನು ಯಾರೂ ಕೇಳಲಿಲ್ಲ, ಒಳ್ಳೆಯ ಮಾತಾಡಿದ್ದನ್ನೂ ಕೇಳಲಿಲ್ಲ.

ಮರುವರ್ಷ ಭೀಮಕ್ಕ ಸತ್ತ ಸುದ್ದಿ ಬಂತು. ಮಾತು ಕೊಟ್ಟದ್ದು ಅವಳಿಗೆ, ಅವಳೇ ಹೋದಳು ಎಂದುಕೊಂಡು ಗಾದ್ರಮ್ಮ ಬಿಳಿಚೋಡಿಗೆ ಹೊರಟಳು. ಹನುಮಂತಮ್ಮನಿಗೆ ಅದೇ ಊರಿನಲ್ಲಿ ಮದುವೆಯಾಗಿತ್ತು. ಸೊಂಟದ ಮೇಲೆ ಮಗು ಕೂರಿಸಿಕೊಂಡೇ ಬಾಗಿಲಿಗೆ ಬಂದಳು. ಇವಳು ಹೆಸರು ಹೇಳುವ ಮೊದಲೇ ಗುರುತು ಹಿಡಿದಳು.

"ಸತ್ತಿಲ್ಲ ಅಂತ ನನಗೆ ಮೊದಲಿಂದ ಗೊತ್ತಿತ್ತು. ಊರಾಗೆ ಯಾರು ಹೇಳದೆ ಬಿಡ್ತಾರೆ?"

"ನಿಮ್ಮಜ್ಜಿಗೆ ಮಾತು ಕೊಟ್ಟಿದ್ದೆ ಕಣವ್ವ."

"ಅದೂ ಗೊತ್ತು. ಸಾಯೋ ಮುಂದೆ ಹೇಳಿದಳು." ಹನುಮಂತಮ್ಮ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನಮ್ಮಪ್ಪನ್ನ ಕಡಿದೋನು ಈಗ ನಿನ್ನ ಮನೇಲಿ ಐದಾನಾ?"

"ಬರ್ತಾನೆ, ಹೋಗ್ತಾನೆ."

"ನೀನು ಉಣ್ಣಾಕೆ ಇಕ್ತೀಯಾ?"

ಗಾದ್ರಮ್ಮ ಹೌದೆಂದು ತಲೆಯಾಡಿಸಿದಳು.

"ಅಪ್ಪ ನಿನಗೆ ಏನು ಮಾಡಿದ ಅಂತಲೂ ಕೇಳೀನಿ. ನಾನು ಯಾರ ಕಡೆ ಅಲ್ಲ. ಆದ್ರೆ ಅವನೋ ನಾನೋ ಅಂದಾಗ ನೀನು ಅವನು ಬೇಕು ಅಂದೆ. ನನಗೆ ಇನ್ನೇನೂ ಬೇಕಿಲ್ಲ." ಒಳಗೆ ಹೋಗಿ ಒಂದು ಚೊಂಬು ನೀರು ತಂದು ಕಟ್ಟೆಯ ಮೇಲೆ ಇಟ್ಟಳು. "ಬಿಸಿಲಾಗೆ ಬಂದೀಯ. ಕುಡಿದು ಹೋಗು."

ಗಾದ್ರಮ್ಮ ನೀರು ಕುಡಿದಳು. ಮೊಮ್ಮಗುವಿನ ಹೆಸರೇನೆಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಆ ವಾರ ಪಾಲಣ್ಣ ಬಂದಾಗ, "ಹೋಗಿದ್ಯಂತೆ" ಎಂದ.

"ಹೋಗಿದ್ದೆ. ಚೆನ್ನಾಗೈದಾಳೆ."

ಅವನು ಉಂಡು ಕೈ ತೊಳೆದು ಹೊರಟ. ಅದಾದ ಮೇಲೆ ನ್ಯಾಮತಿಯಿಂದ ಬರುವುದನ್ನು ಕಡಿಮೆ ಮಾಡಿದ. ಒಂದು ಮಳೆಗಾಲ ಪೂರ್ತಿ ಬರಲಿಲ್ಲ. ಭಟ್ಟಿಯಲ್ಲಿ ವಿಚಾರಿಸಿದರೆ ಬಳ್ಳಾರಿ ಕಡೆಗೆ ಹೋದನೆಂದು ಯಾರೋ ಅಂದರು. ಗಾದ್ರಮ್ಮ ಹುಡುಕಲು ಹೋಗಲಿಲ್ಲ. ನಾಟಿ ಶುರುವಾಗಿತ್ತು, ಕರೆದವರ ಗದ್ದೆಗೆ ಇಳಿದಳು.